ಡ್ರೈವಿನ ಗದ್ದಲವೂ ಉಷ್ಣಮಾಪಕದ ಸುಳ್ಳೂ

ಸಂಪಾದಕ ಮಂಡಳಿಯವರು ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಕೇಳಿದ್ದರು. ಅದನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಹಿರಿಯರು ಅನೇಕರಿರುವರು. ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ಇಂದು ಕಾರ್ಖಾನೆಗಳಲ್ಲಿ ದುಡಿಯುತ್ತಿರುವುದರಿಂದ ನನ್ನ ವೃತ್ತಿಯ ಒಂದು ಪಾಠವನ್ನೇ ಇಲ್ಲಿ ಒಪ್ಪಿಸುತ್ತೇನೆ.

ಸೊಲ್ಲಾಪುರದಲ್ಲಿ ಟವೆಲಿನ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಪಂಪಿಗೆ ನಾನು ಡ್ರೈವ್ ಜೋಡಿಸಿದ್ದೆ. ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವ ಉಪಕರಣವದು. ವಿದ್ಯುತ್ ವೆಚ್ಚವೇನೋ ತಗ್ಗಿತು. ಆದರೆ ನೂಲಿಗೆ ಬಣ್ಣ ಹಿಡಿಯದಾಯಿತು. ಮಾಲೀಕರು ಕೆಲಸಗಾರನ ಒಂದು ದಿನದ ಕೂಲಿ ಹಿಡಿದರು. ಆತ ನನ್ನೆದುರು, "ಮೀಟರಿನ್ಯಾಗ ಅರವತ್ತ ಡಿಗ್ರಿ ಇತ್ರಿ ಸಾಹೇಬ್ರ, ನಾ ಕಣ್ಣಾರೆ ನೋಡೀನ್ರಿ" ಎಂದ. ಗಾಜಿನ ಉಷ್ಣಮಾಪಕವನ್ನು ಇಳಿಬಿಟ್ಟು ನೋಡಿದರೆ 54 ಡಿಗ್ರಿ! ಡ್ರೈವನ್ನು ನಿಲ್ಲಿಸಿದೊಡನೆ ಮೀಟರೂ 54ಕ್ಕೆ ಇಳಿಯಿತು. ಆತ ಸುಳ್ಳಾಡಿರಲಿಲ್ಲ, ಮೀಟರು ಸುಳ್ಳು ಹೇಳಿ ಹಬೆಯ ಕವಾಟವನ್ನು ಬೇಗನೆ ಮುಚ್ಚಿಸುತ್ತಿತ್ತು. ಹಾಗೆ ಹೇಳಿಸಿದ್ದು ನನ್ನ ಜೋಡಣೆ.

ಡ್ರೈವ್ 415 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಸುಮಾರು 590 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸಿ, ಅದನ್ನು ಸೆಕೆಂಡಿಗೆ ಹಲವು ಸಾವಿರ ಸಲ ಕತ್ತರಿಸಿ ಮೋಟಾರಿಗೆ ಉಣಿಸುತ್ತದೆ. ಪ್ರತಿ ಸಲವೂ ವೋಲ್ಟೇಜು ಸೆಕೆಂಡಿನ ದಶಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ನೆಗೆಯುತ್ತದೆ. ಮೋಟಾರಿನ ತಂತಿಯೂ ನೆಲವೂ ನಡುವಿನ ನಿರೋಧಕವೂ ಸೇರಿ ಸಣ್ಣ ಕೆಪಾಸಿಟರಿನಂತೆ ವರ್ತಿಸುವುದರಿಂದ ಪ್ರತಿ ನೆಗೆತದಲ್ಲೂ ಕೊಂಚ ಪ್ರವಾಹ ನೆಲಕ್ಕೆ ಸೋರುತ್ತದೆ. ಅದು ಹೇಗಾದರೂ ಡ್ರೈವಿಗೆ ಮರಳಲೇಬೇಕು. ಕಾಲುವೆ ತೋಡಿಕೊಡದಿದ್ದರೆ ನೀರು ಹೊಲಕ್ಕೇ ನುಗ್ಗುವುದಷ್ಟೆ? ಇಲ್ಲಿ ಅದು ಉಷ್ಣಸಂವೇದಕದ ತಂತಿಯನ್ನು ಹಿಡಿದಿತ್ತು. ಆ ತಂತಿಯನ್ನು ಮೋಟಾರಿನ ತಂತಿಗಳೊಡನೆ ಒಂದೇ ತಟ್ಟೆಯಲ್ಲಿ ಇಪ್ಪತ್ತು ಮೀಟರು ಎಳೆದವನು ನಾನೇ.

ಮೊದಲು ಸಂವೇದಕದ ತಂತಿಯನ್ನು ಒಂದಡಿ ದೂರದ ಬೇರೆ ದಾರಿಗೆ ಸರಿಸಿದೆ. ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ದಾಟಿಸಿದೆ. ಮೋಟಾರಿಗೆ ಲೋಹದ ಹೆಣಿಗೆಯ ಕವಚವುಳ್ಳ ಕೇಬಲ್ ತಂದೆ. ಆದರೂ ಎರಡು ಡಿಗ್ರಿ ತಪ್ಪು ಉಳಿಯಿತು. ಕಾರಣ ತಿಳಿಯಲು ಇಡೀ ಒಂದು ದಿನ ಬೇಕಾಯಿತು. ಕವಚದ ಹೆಣಿಗೆಯನ್ನು ನಾನು ಗೇಣುದ್ದದ ಬಾಲದಂತೆ ಹೊಸೆದು ಸ್ಕ್ರೂವಿಗೆ ಬಿಗಿದಿದ್ದೆ, ಎಲ್ಲರೂ ಮಾಡುವಂತೆ. 50 ಹರ್ಟ್ಸ್‌ಗೆ ಆ ಬಾಲ ಲೆಕ್ಕಕ್ಕಿಲ್ಲ. ಒಂದು ಕೋಟಿ ಹರ್ಟ್ಸ್‌ನ ಗದ್ದಲಕ್ಕೆ ಅದು ಹಲವು ಓಮ್‌ಗಳ ಅಡ್ಡಗೋಡೆ. ಪ್ಯಾನೆಲಿನ ತಳದ ಹಲಗೆಯ ಬಣ್ಣವನ್ನು ಕೆರೆದು, ಕವಚವನ್ನು ಸುತ್ತಲೂ ಅಪ್ಪುವಂಥ ಲೋಹದ ಪಟ್ಟಿಯಿಂದ ಹಲಗೆಗೆ ಬಿಗಿದೆ. ಮೋಟಾರಿನ ತುದಿಯಲ್ಲೂ ಹಾಗೆಯೇ ಮಾಡಿದೆ. ಹೀಗೆ ಪ್ಯಾನೆಲ್ಲಿಗೆ ಕೈಹಾಕುವ ಮುನ್ನ ವಿದ್ಯುತ್ ಕಡಿದು, ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾಯಬೇಕು. ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕ ವೋಲ್ಟೇಜು ಉಳಿದಿರುತ್ತದೆ.

ಗಾಜಿನ ಮಾಪಕವೂ ಮೀಟರೂ ಒಂದೇ ಅಂಕ ತೋರಿದವು. ಮಾಲೀಕರು ಮರುವಾರ ಆ ಕೂಲಿಯನ್ನು ಕೊಟ್ಟರು, ನನ್ನ ಬಿಲ್ಲಿನಲ್ಲಿ ಕಳೆದು.