ಐದು ನಿಮಿಷದ ಗೆರೆ, ಐದು ವರ್ಷದ ಹಕ್ಕು

ನನ್ನ ಮೇಜಿನ ಎಡಗಡೆ ಇಂಡಿಯನ್ ಇಂಕಿನ ಬಾಟಲಿ, ಬಲಗಡೆ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಲೆಕ್ಕದ ಪುಸ್ತಕ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿರುತ್ತದಲ್ಲ, ಅಂಥದ್ದೇ. ಮನೆಗೆ ಬಂದವರು ನನ್ನ ವ್ಯಂಗ್ಯಚಿತ್ರ ನೋಡಿ ನಗುತ್ತಾರೋ ಇಲ್ಲವೋ, ಅದನ್ನು ನೋಡಿ ಖಂಡಿತ ನಗುತ್ತಾರೆ. ನಗಲಿ. ಆ ಪುಸ್ತಕ ಇಲ್ಲದ ದಿನಗಳಲ್ಲಿ ನಾನು ಎಷ್ಟು ಅತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲ.

1990ರಲ್ಲಿ ಸಾಗರದ ನಮ್ಮ ಮನೆಗೆ ನನ್ನ ಮೊದಲ ಸಂಭಾವನೆ ಬಂತು. ವಾರಪತ್ರಿಕೆಯೊಂದು ಕಳಿಸಿದ 40 ರೂಪಾಯಿಯ ಮನಿಯಾರ್ಡರ್. ಅಮ್ಮ ಪೋಸ್ಟ್‌ಮನ್ನಿಗೆ ಕಾಫಿ ಕೊಟ್ಟು, ಮೇಲೆ ಎರಡು ರೂಪಾಯಿ ಕೈಗಿಟ್ಟು, ಉಳಿದ 38 ರೂಪಾಯಿಯನ್ನು ದೇವರ ಮುಂದಿಟ್ಟಳು. ಅಪ್ಪ ಕೇಳಿದ್ದು ಒಂದೇ ಮಾತು: "ಇದು ತಿಂಗಳಿಗೆ ಎಷ್ಟು ಸಲ ಬರ್ತದಾ?"

ಆ ಪ್ರಶ್ನೆಗೆ ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ. ಉತ್ತರವಿಲ್ಲದೆಯೂ ಸಂಸಾರ ತೂಗಿಸುವುದು ಹೇಗೆಂದು ಮಾತ್ರ ಕಲಿತಿದ್ದೇನೆ.

ನನ್ನ ದಿನಚರಿ ಹೀಗೆ. ಬೆಳಗ್ಗೆ ಆರಕ್ಕೆ ನಾಲ್ಕು ಪೇಪರು, ಎರಡು ಲೋಟ ಕಾಫಿ. ಹನ್ನೊಂದರೊಳಗೆ ಮೂರು ಐಡಿಯಾ ಡೆಸ್ಕಿಗೆ ಹೋಗಬೇಕು. ಒಂದು ಒಪ್ಪಿಗೆಯಾದರೆ ಪುಣ್ಯ. ನಾಲ್ಕಕ್ಕೆ ಪೆನ್ಸಿಲ್ ಸ್ಕೆಚ್, ಆರಕ್ಕೆ ಫೈಲ್ ಕಳಿಸಿ ಕೈ ತೊಳೆದುಕೊಂಡರೆ ಏಳಕ್ಕೆ ಯಾರೋ ಮಂತ್ರಿ ರಾಜೀನಾಮೆ ಕೊಡುತ್ತಾರೆ. ಮಾಡಿಟ್ಟ ಚಿತ್ರ ಹಳಸಿಹೋಯಿತು. ಮತ್ತೆ ಕೂತು ಬರೆಯಬೇಕು. ಎರಡು ಚಿತ್ರವಾದರೂ ದುಡ್ಡು ಒಂದಕ್ಕೇ. ಈ ನಡುವೆ ಊರಿನಿಂದ ದೊಡ್ಡಪ್ಪನ ಮಗನ ಫೋನು: "ಮಗಳ ಮದುವೆ ಕಾಗದಕ್ಕೆ ಗಂಡು–ಹೆಣ್ಣಿನ ಒಂದು ಕಾರ್ಟೂನ್ ಹಾಕ್ಕೊಡು ಮಾರಾಯ, ನಿಂಗೆ ಐದು ನಿಮಿಷದ ಕೆಲಸ."

ಐದು ನಿಮಿಷದ್ದೇ, ಸುಳ್ಳಲ್ಲ. ಆ ಐದು ನಿಮಿಷಕ್ಕೆ ಮೂವತ್ತು ವರ್ಷ ಹಿಡಿದಿದೆ ಎಂದು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಮೊದಮೊದಲು ನಾನೂ ಹಾಕುತ್ತಿರಲಿಲ್ಲ.

ಆರು ವರ್ಷ ಪತ್ರಿಕೆಯೊಂದರಲ್ಲಿ ಸಂಬಳಕ್ಕಿದ್ದು ಆಮೇಲೆ ಹೊರಬಂದೆ. ಬಿಡಿ ಚಿತ್ರಗಳ ಬದುಕು ಶುರುವಾಯಿತು. ಒಂದು ತಿಂಗಳು ಮೂರು ಚೆಕ್ ಒಟ್ಟಿಗೆ ಬಂದರೆ ಮುಂದಿನ ಎರಡು ತಿಂಗಳು ಬರ. ಚೆಕ್ ಬಂದ ತಿಂಗಳು ನಾನು ಗಾಂಧಿ ಬಜಾರಿನಲ್ಲಿ ರಾಜನ ಹಾಗೆ ಓಡಾಡುತ್ತಿದ್ದೆ, ಬರದ ತಿಂಗಳು ಹಾಲಿನವನ ಕಣ್ಣು ತಪ್ಪಿಸುತ್ತಿದ್ದೆ. ಪ್ರೈಮರಿ ಶಾಲೆಯ ಶಿಕ್ಷಕಿಯಾದ ನನ್ನ ಹೆಂಡತಿ ಒಂದು ರಾತ್ರಿ ಹೇಳಿದಳು: "ರೀ, ನಿಮ್ಮ ದುಡ್ಡು ಮಳೆ ಇದ್ದ ಹಾಗೆ. ಬಂದಾಗ ಕೆರೆಗೆ ಬಿಡಿ. ನಲ್ಲಿ ನಾನು ತಿರುಗಿಸ್ತೀನಿ."

ಅಂದಿನಿಂದ ನಮ್ಮಲ್ಲಿ ಎರಡು ಖಾತೆ. ಬಂದ ಸಂಭಾವನೆಯೆಲ್ಲ ಕೆರೆ ಖಾತೆಗೆ. ಪ್ರತಿ ತಿಂಗಳು ಒಂದನೇ ತಾರೀಕು ಅಲ್ಲಿಂದ ನಲ್ಲಿ ಖಾತೆಗೆ ಒಂದು ನಿಗದಿ ಮೊತ್ತ. ಅದೇ ನನ್ನ ಸಂಬಳ. ಆ ಮೊತ್ತವನ್ನು ಹಿಂದಿನ ವರ್ಷದ ಒಟ್ಟು ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ ಗೊತ್ತುಮಾಡಬಾರದು, ಮೋಸ ಹೋಗುತ್ತೀರಿ. ಅತಿ ಒಣಗಿದ ನಾಲ್ಕು ತಿಂಗಳ ಸರಾಸರಿ ತೆಗೆದುಕೊಳ್ಳಬೇಕು. ನಾವು ಮಾಡಿದ್ದು ಹಾಗೆ. ಮೊದಲ ವರ್ಷ ಹೊಟ್ಟೆ ಕಟ್ಟಿಕೊಂಡ ಹಾಗಾಯಿತು. ಎರಡನೇ ವರ್ಷ ಕೆರೆಯಲ್ಲಿ ನೀರು ನಿಂತಿತು.

ಕೆಂಪು ಪುಸ್ತಕ ಬಂದದ್ದೂ ಆಗಲೇ. ಅದರಲ್ಲಿ ನಾಲ್ಕು ಕಲಂ: ಬರೆದ ದಿನ, ಅಚ್ಚಾದ ದಿನ, ಬಿಲ್ ಕಳಿಸಿದ ದಿನ, ಹಣ ಬಂದ ದಿನ. ಬರೆಯಲು ಕೂತ ಮೊದಲ ವಾರವೇ ಗೊತ್ತಾಯಿತು, ಅಚ್ಚಾಗಿಯೂ ಹಣ ಬಾರದ ಚಿತ್ರಗಳು ಹದಿನೇಳು. ಕೇಳಿದರೆ ಸಂಪಾದಕರು ಬೇಸರ ಮಾಡಿಕೊಂಡಾರು ಎಂದು ಹೆದರಿ ಅಲ್ಲಿಯವರೆಗೆ ಸುಮ್ಮನಿದ್ದೆ. ಈಗ ಧೈರ್ಯ ಮಾಡಿ ಕೇಳಿದೆ. ಹನ್ನೊಂದಕ್ಕೆ ಹಣ ಬಂತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅಕೌಂಟ್ಸಿನವರಿಗೆ ನನ್ನ ಬಿಲ್ಲೇ ಹೋಗಿರಲಿಲ್ಲ ಅಷ್ಟೆ. ದೊಡ್ಡ ಸಂಸ್ಥೆಗಳು ಸಂಭಾವನೆಯಲ್ಲಿ ಹಿಡಿಯುವ 10 ಪರ್ಸೆಂಟ್ ತೆರಿಗೆ (ಟಿಡಿಎಸ್) ಕೂಡ ಹೀಗೆಯೇ, ಕೇಳಿದರಷ್ಟೇ ವಾಪಸ್. ಆದಾಯ ತೆರಿಗೆಯ ಮಿತಿ ದಾಟಿಲ್ಲವೆಂದು ರಿಟರ್ನ್ ಸಲ್ಲಿಸದ ಎಷ್ಟೋ ಕಲಾವಿದರು ತಮ್ಮದೇ ದುಡ್ಡನ್ನು ಸರ್ಕಾರದ ಹತ್ತಿರ ಬಿಟ್ಟಿರುತ್ತಾರೆ. ಬ್ಯಾಂಕಿನಲ್ಲಿ ಮನೆ ಸಾಲಕ್ಕೆ ಹೋದಾಗ ಸಂಬಳದ ಚೀಟಿ ಕೇಳಿದರು. ನನ್ನ ಹತ್ತಿರ ಅದಿರಲಿಲ್ಲ. ಕಾಪಾಡಿದ್ದು ಮೂರು ವರ್ಷದ ರಿಟರ್ನು.

ಇನ್ನು ನನ್ನ ಅತಿ ದುಬಾರಿ ತಪ್ಪಿನ ಕತೆ. 1998ರಲ್ಲಿ ಪ್ರಕಾಶಕರೊಬ್ಬರಿಗೆ ಮಕ್ಕಳ ಚಿತ್ರಕಥೆ ಬರೆದುಕೊಟ್ಟೆ. 32 ಪುಟ, ಪುಟಕ್ಕೆ 150 ರೂಪಾಯಿ, ಒಟ್ಟು 4,800. ಹಣ ಎಣಿಸಿಕೊಂಡು, "ಎಲ್ಲ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ" ಎಂಬ ಒಂದು ಸಾಲಿನ ಕಾಗದಕ್ಕೆ ಓದದೆ ಸಹಿ ಹಾಕಿದೆ. 2009ರಲ್ಲಿ ಶಿವಮೊಗ್ಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಅದೇ ಪುಸ್ತಕ ನೇತಾಡುತ್ತಿತ್ತು. ಒಳಪುಟದಲ್ಲಿ "ಐದನೇ ಮುದ್ರಣ". ನನ್ನದೇ ಪುಸ್ತಕವನ್ನು 45 ರೂಪಾಯಿ ಕೊಟ್ಟು ಕೊಂಡೆ.

ಕಾಗದವನ್ನು ಲಾಯರ್ ಆಗಿದ್ದ ಶಾಲಾ ಗೆಳೆಯನಿಗೆ ತೋರಿಸಿದೆ. ಎರಡು ಸಲ ಓದಿ, "ಲೇ, ಇದ್ರಲ್ಲಿ ಅವಧಿ ಎಲ್ಲಿದೆಯೋ?" ಎಂದ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಸರಳ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕಷ್ಟೇ. ಅಂದರೆ 2003ರಲ್ಲೇ ಪುಸ್ತಕ ನನ್ನ ಕೈಗೆ ವಾಪಸ್ ಬಂದಿತ್ತು. ಆರು ವರ್ಷದಿಂದ ನನ್ನ ತೋಟದ ಅಡಿಕೆಯನ್ನು ಬೇರೆಯವರು ಕೊಯ್ಯುತ್ತಿದ್ದರು, ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೆ.

ಕೋರ್ಟಿಗೆ ಹೋಗಲಿಲ್ಲ. ಒಂದು ಪತ್ರ ಬರೆದದ್ದಕ್ಕೆ ಅವರು ಮುದ್ರಣ ನಿಲ್ಲಿಸಿದರು. ಇನ್ನೊಬ್ಬ ಪ್ರಕಾಶಕರಿಗೆ 10 ಪರ್ಸೆಂಟ್ ರಾಯಲ್ಟಿಗೆ, ಐದು ವರ್ಷ ಎಂದು ಸ್ಪಷ್ಟವಾಗಿ ಬರೆಸಿ ಕೊಟ್ಟೆ. 60 ರೂಪಾಯಿ ಬೆಲೆ, 1,000 ಪ್ರತಿ. ಒಂದು ಮುದ್ರಣಕ್ಕೆ ನನಗೆ 6,000 ರೂಪಾಯಿ. ಇದುವರೆಗೆ ಮೂರು ಮುದ್ರಣವಾಗಿದೆ.

ಈ ತಪ್ಪು ಮಾಡಿದ ಮೊದಲಿಗ ನಾನಲ್ಲ ಎಂಬುದೊಂದು ಸಮಾಧಾನ. 1938ರಲ್ಲಿ ಅಮೆರಿಕದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ದಶಕಗಳ ಜಗಳದ ನಂತರ 1975ರಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರ್ ಪಿಂಚಣಿ ಗೊತ್ತಾಯಿತು. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ಕೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು!

ನಮ್ಮ ಕಡೆ ಈ ಉದ್ಯಮ ಎಂದೂ ಹೊಟ್ಟೆ ತುಂಬಿಸಿದ್ದಲ್ಲ. ಹಾಸ್ಯಪತ್ರಿಕೆ 'ಕೊರವಂಜಿ'ಯನ್ನು 1942ರಲ್ಲಿ ಶುರು ಮಾಡಿದ ರಾಶಿಯವರಿಗೆ ವೈದ್ಯವೃತ್ತಿಯಿತ್ತು. ಅದರಲ್ಲಿ ಚಿತ್ರ ಬರೆದ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಮುಂಬೈಗೆ ಹೋಗಿ ದಿನಪತ್ರಿಕೆಯ ಕುರ್ಚಿ ಹಿಡಿದರು. 'ಕೊರವಂಜಿ' ನಿಂತದ್ದು 1967ರಲ್ಲಿ. ಅದೇ ವರ್ಷ ಕಾರ್ಕಳದ ಅನಂತ ಪೈ ಮುಂಬೈಯಲ್ಲಿ 'ಅಮರ ಚಿತ್ರ ಕಥಾ' ಸರಣಿ ಆರಂಭಿಸಿದರು. ನಗೆ ಇಲ್ಲಿ ಹುಟ್ಟುತ್ತಿತ್ತು, ಮಾರುಕಟ್ಟೆ ಅಲ್ಲಿತ್ತು. ಈಗ ಮಾರುಕಟ್ಟೆ ಮೊಬೈಲಿನಲ್ಲಿದೆ. ನನ್ನ ಚಿತ್ರ ನನ್ನ ಸಹಿ ಕತ್ತರಿಸಿಕೊಂಡು ವಾಟ್ಸ್ಆ್ಯಪ್‌ನಲ್ಲಿ ನನಗೇ ಬರುತ್ತದೆ, "ಗುಡ್ ಮಾರ್ನಿಂಗ್" ಜೊತೆ. ಅತ್ತ ಮದುವೆ ರಿಸೆಪ್ಷನ್ನಿನಲ್ಲಿ ನಿಂತು ಅತಿಥಿಗಳ ಮುಖಚಿತ್ರ ಬರೆದರೆ ಒಂದು ಸಂಜೆಗೆ ಸಿಗುವುದು ಪತ್ರಿಕೆಯ ಎರಡು ವಾರದ ಸಂಭಾವನೆಗಿಂತ ಹೆಚ್ಚು. ಹೋಗುತ್ತೇನೆ, ನಾಚಿಕೆಯಿಲ್ಲ. ಕೆರೆಗೆ ಯಾವ ಹಳ್ಳದ ನೀರಾದರೂ ಆದೀತು.

ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರದ ಕಾರ್ಟೂನ್ ಗ್ಯಾಲರಿಯಲ್ಲಿ ಹಿರಿಯರ ಮೂಲ ಚಿತ್ರಗಳನ್ನು ನೋಡುವಾಗೆಲ್ಲ ನನಗೆ ಅವರ ಮನೆಯವರ ನೆನಪಾಗುತ್ತದೆ. ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದು. ಎಷ್ಟು ಮನೆಗಳಲ್ಲಿ ಅದು ಗೊತ್ತಿದೆ? ಅಟ್ಟದ ಟ್ರಂಕು ಗುಜರಿಗೆ ಹೋಗುತ್ತದೆ. ನಾನು ಕೆಂಪು ಪುಸ್ತಕದ ಕೊನೆಯ ಪುಟದಲ್ಲಿ ಮಗಳಿಗೆಂದು ಪಟ್ಟಿ ಬರೆದಿಟ್ಟಿದ್ದೇನೆ: ಯಾವ ಚಿತ್ರ, ಯಾರಿಗೆ, ಎಷ್ಟು ವರ್ಷಕ್ಕೆ, ಮೂಲಪ್ರತಿ ಎಲ್ಲಿದೆ.

ನೀವು ಚಿತ್ರ ಬರೆಯುವವರೇ ಆಗಬೇಕಿಲ್ಲ. ಕತೆ ಬರೆಯುವವರು, ಫೋಟೊ ತೆಗೆಯುವವರು, ಹಾಡು ಕಟ್ಟುವವರು ಯಾರೇ ಇರಲಿ, ಸಹಿ ಹಾಕುವ ಮುನ್ನ ಕಾಗದದಲ್ಲಿ ವರ್ಷ ಎಷ್ಟೆಂದು ನೋಡಿ. ಕೆಲಸ ಮುಗಿದ ದಿನವೇ ಬಿಲ್ ಕಳಿಸಿ. ಈ ಅಂಕಣವನ್ನೂ ನಾನು ಕೆಂಪು ಪುಸ್ತಕಕ್ಕೆ ಏರಿಸಿದ್ದೇನೆ. ಬರೆದ ದಿನ: ಇಂದು. ಉಳಿದ ಮೂರು ಕಲಂ ಸದ್ಯಕ್ಕೆ ಖಾಲಿ.