ಹುಲ್ಲಿನ ಮನೆ ಕಲಿಸುವ ಪಾಠ



ಊರಿಗೆ ಹೋದಾಗ ನಾವು ಮಕ್ಕಳಿಗೆ ಹಂಪಿ, ಬೇಲೂರು, ಐಹೊಳೆಗಳನ್ನು ತಪ್ಪದೆ ತೋರಿಸುತ್ತೇವೆ. ಆದರೆ ನಾವು ಮನೆ ಮಾಡಿಕೊಂಡಿರುವ ಈ ಟೆಕ್ಸಸ್ ನೆಲದ ಹಳೆಯ ಕಥೆ ನಮಗೆಷ್ಟು ಗೊತ್ತು? ಅದನ್ನು ತಿಳಿಯಲು ಆಲ್ಟೋ ಪಟ್ಟಣದ ಬಳಿಯಿರುವ ಕ್ಯಾಡೋ ಮೌಂಡ್ಸ್ ಒಳ್ಳೆಯ ಜಾಗ. ಡಾಲಸ್, ಹ್ಯೂಸ್ಟನ್‌ಗಳಿಂದ ಕಾರಿನಲ್ಲಿ ಎರಡೂವರೆ-ಮೂರು ಗಂಟೆಯ ದಾರಿ. ಆಸ್ಟಿನ್‌ನಿಂದ ಸ್ವಲ್ಪ ಹೆಚ್ಚು.

ಸುಮಾರು ಕ್ರಿ.ಶ. 800ರಿಂದ 1300ರವರೆಗೆ ಕ್ಯಾಡೋ ಜನ ಇಲ್ಲಿ ಬಾಳಿದರು. ನಮ್ಮಲ್ಲಿ ಅದು ರಾಷ್ಟ್ರಕೂಟರಿಂದ ಹೊಯ್ಸಳರವರೆಗಿನ ಕಾಲ. ಅವರು ಮೆಕ್ಕೆಜೋಳ ಬೆಳೆದರು. ಬುಟ್ಟಿಗಳಲ್ಲಿ ಮಣ್ಣು ಹೊತ್ತು ಮೂರು ದಿಬ್ಬಗಳನ್ನು ಕಟ್ಟಿದರು. ಎರಡು ದೇವಾಲಯದ ದಿಬ್ಬಗಳು, ಒಂದು ಹಿರಿಯರ ಸಮಾಧಿ. ಟೆಕ್ಸಸ್ ಎಂಬ ಹೆಸರು ಕೂಡ ಅವರ ಭಾಷೆಯಲ್ಲಿ 'ಸ್ನೇಹಿತ' ಎಂಬ ಅರ್ಥದ ಮಾತಿನಿಂದಲೇ ಬಂದದ್ದು. ಆದರೂ 1859ರಲ್ಲಿ ಅವರನ್ನು ಈ ರಾಜ್ಯದಿಂದಲೇ ಹೊರಗೆ ಕಳಿಸಲಾಯಿತು. ಇಂದು ಕ್ಯಾಡೋ ನೇಷನ್ ಇರುವುದು ಓಕ್ಲಹೋಮಾದಲ್ಲಿ.

ಮರದ ಗಳಗಳನ್ನು ವೃತ್ತಾಕಾರವಾಗಿ ನೆಟ್ಟು, ತುದಿಗಳನ್ನು ಬಾಗಿಸಿ ಕಟ್ಟಿ, ಮೇಲಿಂದ ಕೆಳಗಿನವರೆಗೆ ಹುಲ್ಲು ಹೊದಿಸಿದರೆ ಕ್ಯಾಡೋ ಮನೆ ಸಿದ್ಧ. ಹಿಂದೆ ಪ್ರತಿ ಮನೆಯವರೂ ಒಂದೊಂದು ಗಳ ತರುತ್ತಿದ್ದರಂತೆ. ಮನೆ ಕಟ್ಟಿಸುವವರು ಎಲ್ಲರಿಗೂ ಊಟ ಹಾಕುತ್ತಿದ್ದರಂತೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ನೆನಪಾಗುವುದಿಲ್ಲವೇ?

ಕ್ಯಾಡೋ ಹಿರಿಯರ ಮಾರ್ಗದರ್ಶನದಲ್ಲಿ 2016ರಲ್ಲಿ ಇಲ್ಲಿ ಅಂಥದೇ ಮನೆಯೊಂದನ್ನು ಕಟ್ಟಲಾಯಿತು. 2019ರ ಏಪ್ರಿಲ್ 13ರಂದು ಕ್ಯಾಡೋ ಸಂಸ್ಕೃತಿ ದಿನದ ಸಮಾರಂಭ ನಡೆಯುತ್ತಿದ್ದಾಗಲೇ ಸುಂಟರಗಾಳಿ ಬಂತು. ಜೀವಹಾನಿಯಾಯಿತು, ಅನೇಕರು ಗಾಯಗೊಂಡರು, ಹುಲ್ಲಿನ ಮನೆ ನೆಲಸಮವಾಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಿದರು. ಗಳ, ಹುಲ್ಲು ಎಲ್ಲ ಹೋದರೂ ಕಟ್ಟುವ ವಿದ್ಯೆ ಬಲ್ಲವರು ಉಳಿದಿದ್ದರು.

ನಮಗೆ ಪಾಠ ಇಲ್ಲೇ ಇದೆ. ದೇವಸ್ಥಾನಕ್ಕೆ ಕಟ್ಟಡ ಬೇಕು, ನಿಜ. ಅದಕ್ಕಾಗಿ ನಾವೆಲ್ಲ ಶ್ರಮಿಸುತ್ತೇವೆ. ಆದರೆ ಹೂವು ಕಟ್ಟಲು, ರಂಗೋಲಿ ಹಾಕಲು, ಅಜ್ಜಿಯ ಜೊತೆ ಕನ್ನಡದಲ್ಲಿ ನಾಲ್ಕು ಮಾತಾಡಲು ಮಕ್ಕಳಿಗೆ ಬಾರದಿದ್ದರೆ, ಎಷ್ಟು ಗಟ್ಟಿ ಗೋಡೆಯೂ ಅದನ್ನು ಕಾಪಾಡಲಾರದು. ಕಲಿತ ಕೈ ಇದ್ದರೆ ಬಿದ್ದದ್ದನ್ನು ಮತ್ತೆ ಎಬ್ಬಿಸಬಹುದು.

ಮುಂದಿನ ರಜೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿಬನ್ನಿ. ದಿಬ್ಬಗಳನ್ನು ಹತ್ತದೆ ದೂರದಿಂದಲೇ ನಮಸ್ಕರಿಸೋಣ. ಅದು ಇನ್ನೊಬ್ಬರ ಪುಣ್ಯಭೂಮಿ.

ಮಕ್ಕಳೊಂದಿಗೆ ಚರ್ಚಿಸಿ:
1. ನಮ್ಮ ಮನೆಯಲ್ಲಿ ಅಜ್ಜ-ಅಜ್ಜಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದು?
2. ಅದನ್ನು ಈ ವರ್ಷ ಯಾರು ಕಲಿಯುತ್ತೀರಿ?