ಪರದೇಶದ ವಿದ್ಯಾಭ್ಯಾಸಕ್ಕೆ ಆಯವ್ಯಯದ ಪಟ್ಟಿ



ಮನೆಯ ಆದಾಯವೆಷ್ಟು, ವ್ಯಯವೆಷ್ಟು, ಉಳಿತಾಯವೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಅಂಕಣಗಳಾಗಿ ಬರೆದಿಡುವ ಪದ್ಧತಿಯನ್ನು ಗೃಹವಿಜ್ಞಾನದ ತರಗತಿಯಲ್ಲಿ ನಮ್ಮ ಹುಡುಗಿಯರು ಕಲಿತಿರುವರು. ಅಕ್ಕಿ ಬೇಳೆಗಳಿಗೆ ಇಷ್ಟು, ಬಾಡಿಗೆಗೆ ಇಷ್ಟು, ಔಷಧಕ್ಕೆ ಇಷ್ಟು ಎಂದು ಬರೆಯುವುದು ಅವರಿಗೆ ಕಷ್ಟವಲ್ಲ. ಆದರೆ ಅದೇ ಹುಡುಗಿಯು ಮುಂದೆ ಪರದೇಶದ ವಿಶ್ವವಿದ್ಯಾನಿಲಯಕ್ಕೆ ಹೊರಡುವ ಕಾಲ ಬಂದಾಗ ಆ ಹಾಳೆಯನ್ನು ಎಲ್ಲರೂ ಮರೆತುಬಿಡುವರು. ಪ್ರವೇಶಪತ್ರವು ಬಂದೊಡನೆ ಮನೆಯಲ್ಲಿ ಸಂತೋಷವು ತುಂಬಿಕೊಳ್ಳುವುದು. ಹಣದ ಮಾತು ಹಿರಿಯರದೆಂದೂ ಓದಿನ ಮಾತು ಮಗಳದೆಂದೂ ಭಾಗವಾಗಿ ಹೋಗುವುದು. ಈ ಭಾಗವೇ ಮುಂದಿನ ಅನೇಕ ಸಂಕಟಗಳಿಗೆ ಮೂಲವೆಂಬುದನ್ನು ತೋರಿಸುವುದೂ, ಲೆಕ್ಕವನ್ನು ಹೇಗೆ ಬರೆಯತಕ್ಕದ್ದೆಂಬುದನ್ನು ತಿಳಿಸುವುದೂ ಈ ಪಾಠದ ಉದ್ದೇಶ.

ಎಲ್ಲ ದೇಶಗಳ ವಿಚಾರವನ್ನೂ ಇಲ್ಲಿ ಹೇಳಲು ಸ್ಥಳವಿಲ್ಲ. ಆದುದರಿಂದ ಜರ್ಮನಿಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಅಲ್ಲಿ ಓದು ಪುಕ್ಕಟೆಯೆಂಬ ಮಾತು ನಮ್ಮಲ್ಲಿ ಹಬ್ಬಿರುವುದೇ ಇದಕ್ಕೆ ಕಾರಣ.

1. ಪುಕ್ಕಟೆಯೆಂಬ ಮಾತು

ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೆ ನಿಯಮವು ಎಲ್ಲೆಡೆಯೂ ಒಂದೇ ಅಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ಎಂಬ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯೂರೋಪಿನ ಒಕ್ಕೂಟಕ್ಕೆ ಸೇರದ ದೇಶಗಳ ವಿದ್ಯಾರ್ಥಿಗಳಿಂದ ಸೆಮಿಸ್ಟರ್ ಒಂದಕ್ಕೆ 1,500 ಯೂರೋ ಶುಲ್ಕವನ್ನು ಪಡೆಯುತ್ತಲಿದೆ. ನಮ್ಮ ಕನ್ನಡ ನಿಘಂಟುಕಾರರಾದ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಈ ರಾಜ್ಯದಲ್ಲಿಯೇ ಇರುವುದು. ಮ್ಯೂನಿಕ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯವು 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವ ಇಂಥ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ಶಿಕ್ಷಣಕ್ಕಾಗಿ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋಗಳ ಶುಲ್ಕವನ್ನು ಗೊತ್ತುಮಾಡಿತು. ಆದುದರಿಂದ ದೇಶದ ಹೆಸರನ್ನು ನೋಡಿದರೆ ಸಾಲದು. ರಾಜ್ಯವನ್ನೂ ವಿಶ್ವವಿದ್ಯಾನಿಲಯವನ್ನೂ ನೋಡಬೇಕು.

ಬೋಧನಾ ಶುಲ್ಕವಿರಲಿ ಇಲ್ಲದಿರಲಿ, ವಿದ್ಯಾರ್ಥಿಗಳ ಕ್ಷೇಮಸಂಸ್ಥೆ ಮೊದಲಾದವುಗಳಿಗಾಗಿ ಪ್ರತಿ ಸೆಮಿಸ್ಟರ್‌ಗೆ ಒಂದು ವಂತಿಗೆಯುಂಟು. ಅದು ಊರಿಂದೂರಿಗೆ ಬೇರೆಯಾಗುವುದು. ಇಲ್ಲಿ 200 ಯೂರೋ ಎಂದು ಹಿಡಿಯೋಣ. ಹೊರಡುವ ಮೊದಲು ನಮ್ಮ ದೇಶದಲ್ಲಿಯೇ ಆಗುವ ವ್ಯಯವೂ ಇದೆ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳ ಪರಿಶೀಲನೆಗಾಗಿ ಎ.ಪಿ.ಎಸ್. ಎಂಬ ಪ್ರಮಾಣಪತ್ರವನ್ನು ಪಡೆಯಬೇಕಾಗಿದ್ದು, ಅದಕ್ಕೆ 18,000 ರೂಪಾಯಿ ಶುಲ್ಕವನ್ನು ಗೊತ್ತುಮಾಡಿದರು. ಭಾಷಾ ಪರೀಕ್ಷೆ, ವೀಸಾ, ವಿಮಾನದ ಟಿಕೆಟು ಇವು ಬೇರೆ.

2. ತೋರಿಸುವ ಹಣವೂ ಉಣ್ಣುವ ಹಣವೂ

ಅನ್ಯದೇಶದ ಸರಕಾರವು ವೀಸಾ ಕೊಡುವ ಮೊದಲು, ಈ ಹುಡುಗಿಯು ಹಸಿವಿನಿಂದಿರದೆ ಓದಬಲ್ಲಳೇ ಎಂದು ವಿಚಾರಿಸುವುದು ಸಹಜ. ಜರ್ಮನಿಯಲ್ಲಿ ಇದಕ್ಕೆ ರೂಢಿಯಾಗಿರುವ ವಿಧಾನವು ಬ್ಲಾಕ್ಡ್ ಅಕೌಂಟ್ ಎಂಬ ತಡೆಹಿಡಿದ ಖಾತೆ. 2024ರ ಸೆಪ್ಟೆಂಬರ್‌ನಲ್ಲಿ ಗೊತ್ತಾದ ಪ್ರಕಾರ ಒಂದು ವರ್ಷಕ್ಕೆ 11,904 ಯೂರೋಗಳನ್ನು ಮುಂಚಿತವಾಗಿ ಅದರಲ್ಲಿ ಇಡಬೇಕು. ಹುಡುಗಿಯು ಅಲ್ಲಿ ಸೇರಿದ ನಂತರ ತಿಂಗಳಿಗೆ 992 ಯೂರೋದಂತೆ ಅದು ಅವಳ ಕೈಗೆ ಬರುವುದು. ಈ ಹಣವು ಯಾರಿಗೂ ಸಲ್ಲಿಸುವ ಶುಲ್ಕವಲ್ಲ. ಅವಳ ಅನ್ನದ ಹಣವೇ ಸರಿ.

ಇಂಗ್ಲೆಂಡಿನ ಪದ್ಧತಿ ಬೇರೆ. ಅಲ್ಲಿಗೆ ಹೋಗುವವರು ಮೊದಲ ವರ್ಷದ ಶುಲ್ಕದಲ್ಲಿ ಬಾಕಿಯಿರುವ ಭಾಗವನ್ನೂ, ಒಂಬತ್ತು ತಿಂಗಳವರೆಗಿನ ಜೀವನವೆಚ್ಚವನ್ನೂ ಬ್ಯಾಂಕಿನ ಖಾತೆಯಲ್ಲಿ 28 ದಿನಗಳ ಕಾಲ ಎಡೆಬಿಡದೆ ಇಟ್ಟು ತೋರಿಸಬೇಕು. ಇದಲ್ಲದೆ ಆರೋಗ್ಯ ಸೇವೆಗಾಗಿ ವರ್ಷಕ್ಕೆ 776 ಪೌಂಡುಗಳನ್ನು, 2024ರಲ್ಲಿ ಗೊತ್ತಾದ ದರದಂತೆ, ವೀಸಾದೊಡನೆ ಮುಂಗಡವಾಗಿ ಕಟ್ಟಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕೆಲವರು ಆ 28 ದಿನಗಳ ಮಟ್ಟಿಗೆ ಹಣವನ್ನು ಬಡ್ಡಿಗೆ ತಂದು ಖಾತೆಯಲ್ಲಿ ತೋರಿಸಿ, ವೀಸಾ ಕೈಗೆ ಬಂದೊಡನೆ ಹಿಂದಿರುಗಿಸುವರು. ಕಾಗದದ ಮೇಲೆ ಎಲ್ಲವೂ ಸರಿಯಾಗಿರುವುದು. ಹುಡುಗಿಯು ಮಾತ್ರ ಬರಿಗೈಯಲ್ಲಿ ಪರಸ್ಥಳಕ್ಕೆ ಇಳಿಯುವಳು. ಸರಕಾರಕ್ಕೆ ತೋರಿಸುವ ಹಣವೂ ಮಗಳು ಉಣ್ಣುವ ಹಣವೂ ಒಂದೇ ಆಗಿರಬೇಕೆಂಬುದು ನಮ್ಮ ಲೆಕ್ಕದ ಮೊದಲ ಸೂತ್ರ.

3. ತಿಂಗಳ ಲೆಕ್ಕ

ಈಗ ಟ್ಯೂಬಿಂಗನ್ನಿನಂತಹ ಒಂದು ಊರಿನಲ್ಲಿ ವಿದ್ಯಾರ್ಥಿನಿಯು 992 ಯೂರೋಗಳನ್ನು ಹೇಗೆ ಹಂಚಿಕೊಳ್ಳಬಹುದೆಂಬುದಕ್ಕೆ ಒಂದು ಮಾದರಿಯನ್ನು ಕೊಡುವೆವು. ಅಂಕಿಗಳು ಅಂದಾಜಿನವು, ಅವರವರು ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳತಕ್ಕದ್ದು.

ಕೋಣೆಯ ಬಾಡಿಗೆ, ಬಿಸಿಯ ವೆಚ್ಚ ಸಹಿತ: 400
ಆರೋಗ್ಯ ವಿಮೆ: 150
ಆಹಾರ: 220
ಪ್ರಯಾಣ: 45
ದೂರವಾಣಿ: 20
ರೇಡಿಯೋ ಮತ್ತು ದೂರದರ್ಶನದ ವಂತಿಗೆಯಲ್ಲಿ ತನ್ನ ಪಾಲು: 10
ಪುಸ್ತಕ, ಬಟ್ಟೆ, ಔಷಧ: 70
ಒಟ್ಟು: 915 ಯೂರೋ
ಉಳಿಕೆ: 77 ಯೂರೋ

ಇವುಗಳಲ್ಲಿ ಕೆಲವನ್ನು ವಿವರಿಸಬೇಕು. ಜರ್ಮನಿಯಲ್ಲಿ ಬಾಡಿಗೆಗೆ ಎರಡು ಹೆಸರುಗಳುಂಟು: ತಣ್ಣನೆಯ ಬಾಡಿಗೆ, ಬೆಚ್ಚನೆಯ ಬಾಡಿಗೆ. ಬರಿಯ ಕೋಣೆಗೆ ಕೊಡುವುದು ತಣ್ಣನೆಯದು. ನೀರು, ಚಳಿಗಾಲದ ಬಿಸಿ ಮೊದಲಾದವುಗಳ ವೆಚ್ಚವು ಸೇರಿದರೆ ಬೆಚ್ಚನೆಯದು. ಜಾಹೀರಾತಿನಲ್ಲಿ ತಣ್ಣನೆಯ ಬಾಡಿಗೆಯನ್ನು ಕಂಡು ಲೆಕ್ಕವಿಟ್ಟವಳಿಗೆ ಡಿಸೆಂಬರ್ ತಿಂಗಳು ಪಾಠ ಕಲಿಸುವುದು. ವಿದ್ಯುತ್ತು ಬಾಡಿಗೆಯೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಕೇಳಿ ತಿಳಿಯಬೇಕು. ಸರಕಾರಿ ಆರೋಗ್ಯ ವಿಮೆಯ ವಿದ್ಯಾರ್ಥಿ ದರವು ಸಾಮಾನ್ಯವಾಗಿ ಮೂವತ್ತು ವರ್ಷ ವಯಸ್ಸಿನವರೆಗೆ ಮಾತ್ರ. ಕೆಲವು ವರ್ಷ ಉದ್ಯೋಗ ಮಾಡಿ ಓದಲು ಹೊರಡುವ ಸೋದರಿಯರು ಇದನ್ನು ಮುಂಚೆಯೇ ವಿಚಾರಿಸಬೇಕು. ರೇಡಿಯೋ ವಂತಿಗೆಯು, ಯಂತ್ರವು ಮನೆಯಲ್ಲಿರಲಿ ಇಲ್ಲದಿರಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋದಂತೆ 2021ರಲ್ಲಿ ಗೊತ್ತಾದುದು. ಮೂವರು ಒಂದೇ ಮನೆಯಲ್ಲಿದ್ದರೆ ಮೂವರೂ ಹಂಚಿಕೊಳ್ಳಬಹುದು.

ಈ ಪಟ್ಟಿಯ ಬೆನ್ನೆಲುಬು ಬಾಡಿಗೆಯೇ ಎಂಬುದು ಸ್ಪಷ್ಟ. ಅದು 400ರ ಬದಲು 500 ಆದರೆ ಉಳಿಕೆಯೆಲ್ಲವೂ ಹೋಗಿ ಸಾಲವು ಮೊದಲಾಗುವುದು. ಮ್ಯೂನಿಕ್ ನಗರದಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ 700 ಯೂರೋಗಳಿಗೂ ಮಿಕ್ಕಿ ಕೇಳುವುದುಂಟು. ಆದುದರಿಂದ ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿ ಕ್ಷೇಮಸಂಸ್ಥೆಯ ನಿಲಯಕ್ಕೆ ಅರ್ಜಿ ಹಾಕತಕ್ಕದ್ದು. ಆ ಸಂಸ್ಥೆಯೇ ನಡೆಸುವ ಭೋಜನಶಾಲೆಯಲ್ಲಿ ಮಧ್ಯಾಹ್ನದ ಊಟವೂ ಸುಲಭ ಬೆಲೆಗೆ ದೊರೆಯುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಊರು ಆರಿಸುವಾಗಲೇ ನೆನೆಯಬೇಕು; ಊರು ಸೇರಿದ ಮೇಲೆ ನೆನೆದು ಫಲವಿಲ್ಲ.

4. ಮೊದಲ ತಿಂಗಳಿನ ಗಂಟು

ಎಲ್ಲ ತಿಂಗಳುಗಳೂ ಸಮಾನವಲ್ಲ. ಮೊದಲ ತಿಂಗಳಿನಲ್ಲಿ ಬಾಡಿಗೆಯೊಡನೆ ಮನೆಯ ಠೇವಣಿ, ಸೆಮಿಸ್ಟರ್‌ನ ವಂತಿಗೆ, ವಿಮೆ, ಹಾಸಿಗೆ ಹೊದಿಕೆ, ಪಾತ್ರೆ, ಚಳಿಗೆ ತಕ್ಕ ಕೋಟು ಇವೆಲ್ಲವೂ ಒಟ್ಟಿಗೆ ಬಂದು ನಿಲ್ಲುವುವು. ತಡೆಹಿಡಿದ ಖಾತೆಯ ಹಣವು ಕೈಗೆ ಬರಲು ಅಲ್ಲಿಯ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾಗುವುದರಿಂದ ಕೆಲವು ವಾರಗಳ ತಡವೂ ಆಗಬಹುದು. ಜರ್ಮನಿಯ ಕಾನೂನಿನ ಪ್ರಕಾರ ಠೇವಣಿಯು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರಕೂಡದು. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗೆ ಉಂಟು. ಇದನ್ನರಿಯದ ಹುಡುಗಿಯು ಒಮ್ಮೆಲೇ ಎಲ್ಲವನ್ನೂ ತೆತ್ತು ಬರಿದಾಗುವಳು. ಕೋಣೆಯನ್ನು ನೋಡದೆ, ಕರಾರುಪತ್ರವಿಲ್ಲದೆ, ಊರಿನಿಂದಲೇ ಠೇವಣಿ ಕಳುಹಿಸೆಂದು ಕೇಳುವವರನ್ನು ನಂಬಲಾಗದು. ಈ ತಿಂಗಳಿಗಾಗಿ ಖಾತೆಯ ಹಣವಲ್ಲದೆ ಸುಮಾರು 1,500 ಯೂರೋಗಳ ಬೇರೊಂದು ಗಂಟನ್ನು ಮೀಸಲಿಡುವುದು ವಿವೇಕ.

5. ಒಟ್ಟು ಮೊತ್ತ

ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್‌ಗಳು. ಜೀವನಕ್ಕೆ ಎರಡು ವರ್ಷಗಳಿಗೆ 23,808, ವಂತಿಗೆ 800, ಟ್ಯೂಬಿಂಗನ್ನಿನಲ್ಲಾದರೆ ಬೋಧನಾ ಶುಲ್ಕ 6,000, ಒಟ್ಟು 30,608 ಯೂರೋ. ಆದರೆ ಪ್ರಬಂಧದ ಕೆಲಸವು ಬೆಳೆದು ಐದನೆಯ ಸೆಮಿಸ್ಟರ್‌ಗೆ ಹೋಗುವುದು ಅಪರೂಪವಲ್ಲ. ಅದಕ್ಕೆ 7,652 ಸೇರಿಸಿದರೆ 38,260 ಯೂರೋಗಳಾಗುವುವು. ಬೋಧನಾ ಶುಲ್ಕವಿಲ್ಲದ ರಾಜ್ಯದಲ್ಲಿ ಇದೇ ಲೆಕ್ಕವು 30,760ಕ್ಕೆ ನಿಲ್ಲುವುದು. ಎರಡನೆಯ ವರ್ಷಕ್ಕೆ ವಾಸದ ಅನುಮತಿಯನ್ನು ಮುಂದುವರಿಸುವಾಗ ಜೀವನಕ್ಕೆ ಹಣವಿದೆಯೆಂದು ಮತ್ತೆ ತೋರಿಸಬೇಕಾಗುವುದೆಂಬುದನ್ನೂ ಮರೆಯಬಾರದು. ಮೊದಲ ವರ್ಷದ ಹಣವನ್ನು ಮಾತ್ರ ಹೊಂದಿಸಿ, ಮುಂದಿನದನ್ನು ಕಾಲವು ನೋಡಿಕೊಳ್ಳಲೆಂದು ಬಿಡುವುದು ಅಪಾಯಕರ.

6. ರೂಪಾಯಿಯ ಬೆಲೆ

ನಾವು ಗಳಿಸುವುದು ರೂಪಾಯಿಯಲ್ಲಿ, ವ್ಯಯಿಸುವುದು ಪರದೇಶದ ನಾಣ್ಯದಲ್ಲಿ. 1966ರ ಜೂನ್ 6ರಂದು ಸರಕಾರವು ರೂಪಾಯಿಯ ಬೆಲೆಯನ್ನಿಳಿಸಿದಾಗ ಡಾಲರ್ ಒಂದಕ್ಕೆ 4.76 ರೂಪಾಯಿ ಇದ್ದುದು 7.50 ಆಯಿತು. ಅಮೆರಿಕದಲ್ಲಿ ಓದುತ್ತಿದ್ದ ಮಗನಿಗೋ ಮಗಳಿಗೋ ತಿಂಗಳಿಗೆ 100 ಡಾಲರ್ ಕಳುಹಿಸುತ್ತಿದ್ದ ಮನೆಯು 476 ರೂಪಾಯಿಗಳ ಬದಲು 750ನ್ನು ಹುಡುಕಬೇಕಾಯಿತು. ಈಗ ಬೆಲೆಯು ಒಂದೇ ದಿನದಲ್ಲಿ ಹಾಗೆ ಬೀಳದಿದ್ದರೂ ಮೆಲ್ಲಮೆಲ್ಲನೆ ಇಳಿಯುವುದುಂಟು. 2025ರಲ್ಲಿ ಯೂರೋ ಒಂದರ ಬೆಲೆಯು ನೂರು ರೂಪಾಯಿಗಳನ್ನು ದಾಟಿತು. ನೂರರಂತೆ ಹಿಡಿದರೂ ಮೇಲಿನ 38,260 ಯೂರೋ ಎಂದರೆ 38 ಲಕ್ಷದ 26 ಸಾವಿರ ರೂಪಾಯಿ. ಬೆಲೆಯು ಹತ್ತು ರೂಪಾಯಿ ಏರಿದರೆ ಇನ್ನೂ ಮೂರು ಲಕ್ಷದ 82 ಸಾವಿರ ಬೇಕು. ಲೆಕ್ಕದಲ್ಲಿ ಹತ್ತನೆಯ ಒಂದು ಪಾಲನ್ನು ಇದಕ್ಕಾಗಿಯೇ ಬಿಡತಕ್ಕದ್ದು.

7. ದುಡಿಮೆಯ ಮಾತು

ಅಲ್ಲಿ ದುಡಿದು ಓದಬಹುದಲ್ಲವೇ ಎಂದು ಅನೇಕರು ಕೇಳುವರು. 2024ರ ಮಾರ್ಚ್‌ನಿಂದ ಜರ್ಮನಿಯಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿಯಿದೆ. ಕನಿಷ್ಠ ಕೂಲಿಯು 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಇದು ಸಣ್ಣ ಸಹಾಯವಲ್ಲ. ಆದರೆ ಭಾಷೆ ಬಾರದವಳಿಗೆ ಕೆಲಸವು ಬೇಗ ದೊರೆಯದು. ದೊರೆತರೂ ಪರೀಕ್ಷೆಯ ವಾರವೂ ಕೆಲಸದ ಸರದಿಯೂ ಒಟ್ಟಿಗೆ ಬರುವುವು. ಬಾಡಿಗೆಗಾಗಿ ದುಡಿಯುತ್ತ ಪರೀಕ್ಷೆಯನ್ನು ಮುಂದೂಡಿದವಳು ಒಂದು ಸೆಮಿಸ್ಟರ್ ಹೆಚ್ಚಾಗಿ ಉಳಿಯಬೇಕಾಗಿ, ಗಳಿಸಿದ್ದಕ್ಕಿಂತ ಹೆಚ್ಚನ್ನು ವ್ಯಯಿಸುವಳು. ಆದುದರಿಂದ ಮೊದಲ ವರ್ಷದ ಆದಾಯದ ಅಂಕಣದಲ್ಲಿ ದುಡಿಮೆಯ ಎದುರಿಗೆ ಸೊನ್ನೆಯನ್ನೇ ಬರೆಯಿರಿ. ಬಂದದ್ದು ಉಳಿಕೆಗೆ ಸೇರಲಿ.

8. ಸಾಲವೂ ವಿದ್ಯಾರ್ಥಿವೇತನವೂ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದ ಯೋಜನೆಯಲ್ಲಿ ಓದಿನ ಕಾಲಕ್ಕೂ ಮೇಲೊಂದು ವರ್ಷಕ್ಕೂ ಮರುಪಾವತಿಯ ಬಿಡುವುಂಟು. ಬಿಡುವೆಂದರೆ ಬಡ್ಡಿಯಿಲ್ಲವೆಂದಲ್ಲ. 20 ಲಕ್ಷ ರೂಪಾಯಿ ಸಾಲಕ್ಕೆ ನೂರಕ್ಕೆ ಹತ್ತರಂತೆ ಮೂರು ವರ್ಷಗಳ ಸರಳ ಬಡ್ಡಿಯೇ ಆರು ಲಕ್ಷ. ಆ 26 ಲಕ್ಷವನ್ನು ಅದೇ ದರದಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 34,360 ರೂಪಾಯಿ ಕಟ್ಟಬೇಕು. ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಬಂದರೆ ಭಾರವು ತಗ್ಗುವುದು. ಮನೆಯನ್ನೋ ಮಗಳ ಮದುವೆಗೆಂದಿಟ್ಟ ಒಡವೆಯನ್ನೋ ಅಡವಿಡುವ ಮೊದಲು ಈ ಕಂತಿನ ಅಂಕಿಯನ್ನು ಮಗಳಿಗೆ ಹೇಳಿ, ಇದನ್ನು ತೀರಿಸುವ ಉದ್ಯೋಗವು ಈ ಪದವಿಯಿಂದ ದೊರೆಯುವುದೇ ಎಂದು ಅವಳೊಡನೆ ವಿಚಾರಮಾಡಬೇಕು.

ಸಾಲಕ್ಕಿಂತ ಮೊದಲು ವಿದ್ಯಾರ್ಥಿವೇತನವನ್ನು ಅರಸತಕ್ಕದ್ದು. ಏಷ್ಯಾದ ಸ್ತ್ರೀಯರಿಗಾಗಿ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ 1917ರಲ್ಲಿ ಸ್ಥಾಪಿತವಾದ ಬಾರ್ಬರ್ ವೇತನದಿಂದಲೇ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳರು ಅಲ್ಲಿ ಓದಿದರು. ನಮ್ಮ ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಸರಕಾರದ ವೇತನದ ಮೇಲೆ ಹಡಗನ್ನೇರಿ ಅದೇ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಬಾರ್ಬರ್ ವೇತನದಿಂದ ಸಂಶೋಧನೆಯನ್ನು ಮುಂದುವರಿಸಿ, 1953ರಲ್ಲಿ ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಜರ್ಮನಿಗೆ ಹೋಗುವವರಿಗೆ 1925ರಲ್ಲಿ ಸ್ಥಾಪಿತವಾದ ಡಿ.ಎ.ಎ.ಡಿ. ಸಂಸ್ಥೆಯ ವೇತನಗಳುಂಟು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು ಕರ್ನಾಟಕ ಸರಕಾರದ ಪ್ರಬುದ್ಧ ಯೋಜನೆಯನ್ನು ವಿಚಾರಿಸಬಹುದು. ಇವುಗಳ ಅರ್ಜಿಯ ಅವಧಿಯು ಅನೇಕ ವೇಳೆ ಪ್ರವೇಶಕ್ಕಿಂತ ಒಂದು ವರ್ಷ ಮುಂಚೆಯೇ ಮುಗಿದುಹೋಗುವುದರಿಂದ ತಡಮಾಡಲಾಗದು.

9. ಒಂದೇ ಲೆಕ್ಕ, ಎರಡು ಪ್ರತಿ

ಕೊನೆಯದಾಗಿ ಮುಖ್ಯವಾದ ಮಾತು. ಹಣವು ಕಡಿಮೆಯಿರುವುದರಿಂದ ಕೆಡುವ ಓದಿಗಿಂತ ಹಣದ ಸಂಗತಿಯನ್ನು ಮುಚ್ಚಿಡುವುದರಿಂದ ಕೆಡುವ ಓದು ಹೆಚ್ಚು. ಮಗಳು ನೊಂದಾಳೆಂದು ತಂದೆಯು ಅಡಮಾನದ ಮಾತನ್ನು ಹೇಳನು. ಅಪ್ಪ ಅಮ್ಮ ಚಿಂತಿಸಿಯಾರೆಂದು ಮಗಳು ರಾತ್ರಿಯ ಊಟವನ್ನು ಬಿಟ್ಟುದನ್ನು ಬರೆಯಳು. ಎರಡೂ ಪ್ರೀತಿಯಿಂದಲೇ ಆಗುವುವು. ಆದರೂ ಎರಡೂ ಕೇಡು. ಆದುದರಿಂದ ಲೆಕ್ಕವನ್ನು ಮಗಳು ತನ್ನ ಕೈಯಿಂದಲೇ ಬರೆಯಲಿ. ಒಂದು ಪ್ರತಿಯು ಅವಳ ಪೆಟ್ಟಿಗೆಯಲ್ಲಿಯೂ ಇನ್ನೊಂದು ಮನೆಯಲ್ಲಿಯೂ ಇರಲಿ. ತಿಂಗಳಿಗೊಮ್ಮೆ ಎರಡನ್ನೂ ಹೋಲಿಸಿ ನೋಡಲಿ.

ಹೊರಡುವ ಮೊದಲು ಮನೆಯವರೆಲ್ಲರೂ ಕುಳಿತು ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಬರೆಯಿರಿ:

1) ಕೊನೆಯ ಸೆಮಿಸ್ಟರ್‌ವರೆಗೆ ಬೇಕಾಗುವ ಒಟ್ಟು ಹಣವೆಷ್ಟು? ಅದರಲ್ಲಿ ನಮ್ಮದೆಷ್ಟು, ಸಾಲವೆಷ್ಟು?
2) ಮೊದಲ ತಿಂಗಳಿನ ಗಂಟು ಬೇರೆಯಾಗಿದೆಯೇ?
3) ಆರು ತಿಂಗಳು ಹೆಚ್ಚು ಬೇಕಾದರೆ ಹಣವು ಎಲ್ಲಿಂದ ಬರುವುದು?
4) ಸಾಲದ ತಿಂಗಳ ಕಂತೆಷ್ಟು? ಯಾವ ತಿಂಗಳಿನಿಂದ ಮೊದಲಾಗುವುದು?
5) ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಬಂದಾಗ ಮಗಳು ಹಿಂದಿರುಗಲು ಬೇಕಾದ ಟಿಕೆಟಿನ ಹಣವನ್ನು ಎಲ್ಲಿಟ್ಟಿದೆ?

ಐದಕ್ಕೂ ಉತ್ತರವು ದೊರೆತರೆ ನಿಶ್ಚಿಂತೆಯಿಂದ ಕಳುಹಿಸಿರಿ. ಒಂದಕ್ಕೆ ದೊರೆಯದಿದ್ದರೂ ಒಂದು ವರ್ಷ ತಡೆಯುವುದರಲ್ಲಿ ಅವಮಾನವಿಲ್ಲ. ಆ ವರ್ಷದಲ್ಲಿ ಭಾಷೆಯನ್ನು ಕಲಿಯಬಹುದು, ವೇತನಕ್ಕೆ ಅರ್ಜಿ ಹಾಕಬಹುದು, ಹನಿಗೂಡಿಸಿ ಹಳ್ಳ ಮಾಡಬಹುದು.